ಬೊಗಸೆ ಹಾಲಿನ ಮೇಲೊಂದು ದಾವೆ

ನನ್ನ ವಾದಿಯೂ ಎದುರು ಪಕ್ಷದ ಪ್ರತಿವಾದಿಯೂ ಮೊಳಕಾಲ್ಮೂರು ಕೋರ್ಟಿಗೆ ಒಂದೇ ಬೈಕಿನಲ್ಲಿ ಬರುತ್ತಿದ್ದರು. ಬೈಕು ಪ್ರತಿವಾದಿಯದು, ಪೆಟ್ರೋಲು ವಾದಿಯದು. ಕೇಸು ಕೂಗುವ ತನಕ ಇಬ್ಬರೂ ಎದುರಿನ ಹೋಟೆಲಿನಲ್ಲಿ ಒಂದು ಟೀಯನ್ನು ಎರಡು ಲೋಟಕ್ಕೆ ಬಗ್ಗಿಸಿಕೊಂಡು ಕೂತಿರುತ್ತಿದ್ದರು. ಅವರನ್ನು ಹುಡುಕಿಕೊಂಡು ಹೋಗಿ, ನೀವಿಬ್ಬರೂ ಬದ್ಧ ವೈರಿಗಳು, ಏಳಿ ಎಂದು ನೆನಪಿಸಬೇಕಾದವನು ನಾನು.

ನಾನು ಮಲ್ಲಿಕಾರ್ಜುನಪ್ಪ, ಚಳ್ಳಕೆರೆಯ ವಕೀಲ. ಒಂದು ವಿಮಾ ಕಂಪನಿಯ ಪ್ಯಾನೆಲ್ಲಿನಲ್ಲಿದ್ದೇನೆ. ಹಾಗೆಂದರೆ ಕಂಪನಿಗೆ ಬೇಕಾದಾಗ ಅವರು ನನ್ನನ್ನು ನೆನೆಯುತ್ತಾರೆ, ನನಗೆ ಬೇಕಾದಾಗ ಅವರ ಫೋನು ಬಿಜಿ ಇರುತ್ತದೆ. ನನ್ನ ಹೆಂಡತಿಯ ಪ್ರಕಾರ ನನಗೆ ಸಿಟ್ಟು ಮೂಗಿನ ತುದಿಯಲ್ಲಿದೆ. ಇರಬಹುದು. ಆದರೆ ಈ ಕೇಸಿನಲ್ಲಿ ಸಿಟ್ಟಿಲ್ಲದವರ ಪರವಾಗಿ ಸಿಟ್ಟು ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದಕ್ಕೆ ಕಾನೂನಿನಲ್ಲಿ ಸಬ್ರೋಗೇಶನ್ ಎನ್ನುತ್ತಾರೆ.

ವಿಷಯ ಸುಲಭ. ನಿಮ್ಮ ಆಸ್ತಿಯನ್ನು ಯಾರೋ ಹಾಳು ಮಾಡಿದರು ಅನ್ನಿ. ನಿಮ್ಮ ವಿಮಾ ಕಂಪನಿ ನಿಮಗೆ ನಷ್ಟ ಕಟ್ಟಿಕೊಡುತ್ತದೆ. ಆಮೇಲೆ ಹಾಳು ಮಾಡಿದವನ ಮೇಲೆ ನಿಮಗಿದ್ದ ಹಕ್ಕೆಲ್ಲ ಕಂಪನಿಗೆ ಹೋಗುತ್ತದೆ. ಕಂಪನಿ ನಿಮ್ಮ ಜಾಗದಲ್ಲಿ ನಿಂತು, ನಿಮ್ಮದೇ ಹೆಸರಿನಲ್ಲಿ ಅವನ ಮೇಲೆ ದಾವೆ ಹೂಡಿ, ಕೊಟ್ಟದ್ದನ್ನು ವಸೂಲು ಮಾಡುತ್ತದೆ. ಕಾಲೇಜಿನಲ್ಲಿ ಓದುವಾಗ ಇದು ನನಗೆ ಬಹಳ ಅಚ್ಚುಕಟ್ಟಾಗಿ ಕಂಡಿತ್ತು. ಹಾಳು ಮಾಡಿದವನು ನಿಮ್ಮ ಅಕ್ಕನ ಗಂಡನಾಗಿದ್ದರೆ ಏನು ಗತಿ ಎಂದು ಮೇಷ್ಟ್ರು ಹೇಳಿರಲಿಲ್ಲ.

ಬಿ.ಜಿ. ಕೆರೆಯ ಆಚೆ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಟ್ಟಿ. ಅಲ್ಲಿ ಕಾಟಪ್ಪನದೊಂದು ಕರೆಂಟಿನ ಎಣ್ಣೆ ಗಾಣವಿತ್ತು. ಶೇಂಗಾ ಎಣ್ಣೆ ತೆಗೆದು, ಹಿಂಡಿಯನ್ನು ಸುತ್ತಲಿನ ಹಟ್ಟಿಗಳಿಗೆ ಮಾರುತ್ತಿದ್ದ. ಯಂತ್ರ ಮಾರಿದವನೇ ಅದರ ಜೊತೆಗೆ ಬೆಂಕಿ ವಿಮೆಯನ್ನೂ ಮಾರಿ ಹೋಗಿದ್ದ. ಗಾಣದ ಪಕ್ಕಕ್ಕೆ ಕಾಟಪ್ಪನ ಹೊಲ. ಬಿತ್ತನೆಗೆ ಮುಂಚೆ ಆ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದು ಪ್ರತಿ ವರ್ಷದ ರೂಢಿ. ಕುರಿಗಳು ಅವನ ಭಾವ ಯತ್ತಪ್ಪನವು. ಮಂದೆ ತರುವ ಮುಂಚೆ ಕುರಿಗೆ ಮುಳ್ಳು ಚುಚ್ಚದಿರಲಿ ಎಂದು ಯತ್ತಪ್ಪ ಒಣಗಿದ ಜಾಲಿ ಮುಳ್ಳನ್ನೆಲ್ಲ ಗುಡ್ಡೆ ಹಾಕಿ ಬೆಂಕಿ ಹಚ್ಚಿದ. ಗಾಳಿ ತಿರುಗಿತು. ಗಾಣ, ಶೇಂಗಾ ಚೀಲ, ಹಿಂಡಿ, ಎಣ್ಣೆ ಡಬ್ಬ ಎಲ್ಲ ಹೋಯಿತು. ಬೆಂಕಿ ಆರಿಸಲು ಎಲ್ಲರಿಗಿಂತ ಮೊದಲು ಓಡಿ ಬಂದು ಅಂಗೈ ಸುಟ್ಟುಕೊಂಡವನೂ ಯತ್ತಪ್ಪನೇ.

ಕಂಪನಿಯ ಸರ್ವೇಯರ್ ಬಂದು ಬೂದಿಯ ಫೋಟೋ ತೆಗೆದ. ಬೆಂಕಿ ಹೇಗೆ ಬಿತ್ತು ಎಂದು ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದರೆ ಕ್ಲೇಮು ಬೇಗ ಆಗುತ್ತದೆ ಎಂದೂ ಹೇಳಿದ. ಕಾಟಪ್ಪ ಇದ್ದದ್ದು ಇದ್ದ ಹಾಗೆ ಹೇಳಿ ಸಹಿ ಹಾಕಿದ. ತನ್ನ ಬೀಡಿ ಕಿಡಿಯಿಂದ ಬಿತ್ತು ಎಂದಿದ್ದರೂ ಕಂಪನಿ ಕೊಡುತ್ತಿತ್ತು. ಪಾಲಿಸಿದಾರನ ಸ್ವಂತ ಅಜಾಗರೂಕತೆಗೂ ಬೆಂಕಿ ವಿಮೆಯಲ್ಲಿ ರಕ್ಷಣೆ ಇದೆ. ಪಾಪ, ಅವನು ನಿಜ ಹೇಳಿ ಕೆಟ್ಟ.

ಕ್ಲೇಮು ಮಂಜೂರಾದಾಗ ಹಕ್ಕು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಲು ಅವನು ಚಳ್ಳಕೆರೆಯ ನನ್ನ ಆಫೀಸಿಗೆ ಬಂದ. ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಕೂರಿ ಎಂದರೂ ಕೂರಲಿಲ್ಲ. ಇನ್ನು ಮುಂದೆ ಈ ವಿಷಯದಲ್ಲಿ ಕಂಪನಿಯೇ ನಿನ್ನ ಜಾಗದಲ್ಲಿ ನಿಲ್ಲುತ್ತದಪ್ಪ ಎಂದು ವಿವರಿಸಿದೆ. ನೂರು ಜನಕ್ಕೆ ಇದನ್ನು ಹೇಳಿದ್ದೇನೆ, ಒಬ್ಬರಿಗೂ ಅರ್ಥವಾಗಿಲ್ಲ. ಕಾಟಪ್ಪ ತಲೆಯಾಡಿಸಿದ.

"ಒಬ್ರ ಜಾಗದಾಗೆ ಇನ್ನೊಬ್ರು ನಿಲ್ಲೋದು ತಾನೇ ವಕೀಲ್ರೇ? ನಮ್ಮ ಹಟ್ಯಾಗೂ ಐತೆ."

ಹಟ್ಟಿಯಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಹಟ್ಟಿಗಳಲ್ಲಿ ಏನೇನೋ ಇರುತ್ತದೆ, ಎಲ್ಲ ಕೇಳುತ್ತ ಕೂತರೆ ಆಫೀಸು ನಡೆಯುತ್ತದೆಯೇ? ಸೀಲು ಹೊಡೆದು ಕಳಿಸಿದೆ.

ಕಂಪನಿಯ ಚಿತ್ರದುರ್ಗದ ಆಫೀಸಿನಲ್ಲಿ ಮಾಲತಿ ಎಂಬ ಅಧಿಕಾರಿ ಇದ್ದಾರೆ. ಚುರುಕು ಹೆಂಗಸು. ಬೆಂಕಿ ಹಚ್ಚಿದವನ ಹೆಸರು ವಾದಿಯ ಬಾಯಿಂದಲೇ ಬಂದಿರುವ ಕ್ಲೇಮು ಇಡೀ ಜಿಲ್ಲೆಯಲ್ಲೇ ಅಪರೂಪ ಎಂದು ಅವರಿಗೆ ಸಂತೋಷವೋ ಸಂತೋಷ. ಕೂಡಲೇ ದಾವೆ ಹೂಡಿ ಎಂದರು, ಹೂಡಿದೆ. ವಾದಿ ಕಾಟಪ್ಪ, ಅವನ ಪರ ಅಧಿಕಾರ ಪಡೆದ ವಿಮಾ ಕಂಪನಿ, ಪ್ರತಿವಾದಿ ಯತ್ತಪ್ಪ. ಸಮನ್ಸು ಹಿಡಿದುಕೊಂಡು ಕೋರ್ಟಿನ ಅಮೀನ ಹಟ್ಟಿಗೆ ಹೋದ. ಯತ್ತಪ್ಪನಿಗೆ ಓದಲು ಬರುವುದಿಲ್ಲ. ಓದಿ ಹೇಳಿ ಸ್ವಾಮಿ ಎಂದ. ಅಮೀನನಿಗೆ ಒಳ್ಳೆಯ ಗಂಟಲಿದೆ. ಗುಡಿ ಕಟ್ಟೆಯ ಮೇಲೆ ನಿಂತು, ವಾದಿ ಕಾಟಪ್ಪನು ಹೇಳುವುದೇನೆಂದರೆ, ಪ್ರತಿವಾದಿ ಯತ್ತಪ್ಪನು ತನ್ನ ಅಜಾಗರೂಕತೆಯಿಂದ ಎಂದು ಶುರು ಮಾಡಿ ಕೊನೆಯ ಸಾಲಿನ ತನಕ ಇಡೀ ಹಟ್ಟಿಗೆ ಕೇಳುವಂತೆ ಓದಿದ.

ಮಾರನೆಯ ದಿನ ಬೆಳಗ್ಗೆ ಕಾಟಪ್ಪ ನನ್ನ ಆಫೀಸಿನ ಮೆಟ್ಟಿಲ ಮೇಲೆ ಕೂತಿದ್ದ. ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. ನಾನು ಕೇಸು ಹಾಕಿಲ್ಲ ಎಂದ. ನೀನು ಹಾಕಿಲ್ಲ, ಆದರೆ ಹಾಕಿದವನು ನೀನೇ ಎಂದು ಹೇಳಿದೆ. ಆಗ ಅವನು ಹಾಲಿನ ಕಥೆ ಹೇಳಿದ.

ಅವರ ಹಟ್ಟಿಯಲ್ಲಿ ಒಬ್ಬರಿಂದ ಒಬ್ಬರಿಗೆ ತಪ್ಪಾದರೆ ಪೊಲೀಸು, ಕೋರ್ಟು ಎಂದು ಓಡುವುದಿಲ್ಲ. ಸೋಮವಾರ ಗುಡಿಯ ಮುಂದೆ ಸೇರುತ್ತಾರೆ. ತಪ್ಪು ಮಾಡಿದವನು ಬೊಗಸೆ ಒಡ್ಡಿ ಕೂರುತ್ತಾನೆ. ನೊಂದವನು ಅದಕ್ಕೆ ಕುರಿ ಹಾಲು ಹುಯ್ಯುತ್ತಾನೆ. ಅವನು ಕುಡಿದ ಮೇಲೆ ಹಟ್ಟಿಯ ಹಿರಿಯ ಜೋಗಪ್ಪ ತೆಲುಗಿನಲ್ಲಿ "ಅಯಿಪೋಯೆ" ಎನ್ನುತ್ತಾನೆ, ಮುಗಿದುಹೋಯಿತು ಅಂತ. ಅಲ್ಲಿಂದಾಚೆ ಆ ತಪ್ಪಿನ ಸುದ್ದಿ ಯಾರೂ ಎತ್ತುವಂತಿಲ್ಲ. ಹಾಲು ಹುಯ್ದವನೇ ಎತ್ತಿದರೆ ಹಾಲು ಒಡೆಯಿತೆಂದು ಲೆಕ್ಕ. ಆ ಎರಡು ಮನೆಗಳ ನಡುವೆ ಹೋಗುಬರುವುದು, ನೀರು, ನೆಂಟಸ್ತನ ಎಲ್ಲ ನಿಂತುಹೋಗುತ್ತದೆ. ಮತ್ತೆ ಹಾಲು ಹುಯ್ಯಲು ಅವಕಾಶವಿಲ್ಲ.

ಸರ್ವೇಯರ್ ಬಂದುಹೋದ ಮೇಲೆ, ಕ್ಲೇಮು ಮಂಜೂರಾಗುವ ಮುಂಚೆ, ಕಾಟಪ್ಪ ಭಾವನ ಸುಟ್ಟ ಅಂಗೈಗೆ ಹಾಲು ಹುಯ್ದಿದ್ದ. ಈಗ ಅವನ ಹೆಸರು ಹೇಳಿಕೊಂಡು ಅಮೀನ ಕಟ್ಟೆಯ ಮೇಲೆ ನಿಂತು ಅದೇ ಸುದ್ದಿಯನ್ನು ಓದಿದ್ದ. ಜೋಗಪ್ಪ ಯೋಚಿಸಿ ಒಂದು ಮಧ್ಯಂತರ ಆದೇಶ ಕೊಟ್ಟಿದ್ದ. ನಮ್ಮ ಎಷ್ಟೋ ಆದೇಶಗಳಿಗಿಂತ ಅದು ಸ್ಪಷ್ಟವಾಗಿತ್ತು. ಕಾಗದ ಮಾತಾಡಿದೆ, ಕಾಟಪ್ಪ ಇನ್ನೂ ಮಾತಾಡಿಲ್ಲ. ಕೋರ್ಟಿನಲ್ಲಿ ಅವನ ಬಾಯಿಂದ ಬಂದರೆ ಹಾಲು ಒಡೆಯಿತು. ಕೇಸು ಮುಗಿಯುವ ತನಕ ಈ ಮನೆಯವರು ಆ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ರಸ್ತೆ, ಬಸ್ಸು, ಹೋಟೆಲು ಯಾರ ಮನೆಯೂ ಅಲ್ಲವಾದ್ದರಿಂದ ಅಲ್ಲಿಗೆ ಇದು ಅನ್ವಯಿಸುವುದಿಲ್ಲ. ಒಂದೇ ಬೈಕಿನ ಗುಟ್ಟು ಇದು.

ಆದರೆ ಗಂಡಸರು ಹೋಟೆಲಿನಲ್ಲಿ ಕೂತರು, ಪಾಲಮ್ಮ ಎಲ್ಲಿ ಕೂರಬೇಕು? ಪಾಲಮ್ಮ ಕಾಟಪ್ಪನ ಅಕ್ಕ, ಯತ್ತಪ್ಪನ ಹೆಂಡತಿ. ಅವ್ವ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಹಟ್ಟಿಯ ಆ ತುದಿಗೆ ಮದುವೆಯಾಗಿ ಹೋದ ಮೇಲೂ ದಿನಕ್ಕೊಮ್ಮೆ ಬಂದು ತಮ್ಮನ ಮನೆಯ ಒಲೆ ಮುಂದೆ ಕೂತು, ತಮ್ಮನ ಹೆಂಡತಿ ಲಕ್ಷ್ಮಕ್ಕನ ಅಡುಗೆಯಲ್ಲಿ ಕೊಂಕು ತೆಗೆದು ಹೋಗದಿದ್ದರೆ ಅವಳಿಗೆ ಸಮಾಧಾನವಿರಲಿಲ್ಲ. ಸಮನ್ಸು ಬಂದ ಮೇಲೆ ಆ ಮನೆಯ ಮುಂದೆ ಹಾದುಹೋಗುವಾಗ ಸೆರಗು ಮುಖಕ್ಕೆ ಎಳೆದುಕೊಂಡು ಹೋಗುತ್ತಾಳಂತೆ.

"ಗಾಣ ಹೋದ್ರೆ ಇನ್ನೊಂದು ಗಾಣ ತರ್ಬೋದು ವಕೀಲ್ರೇ," ಎಂದ ಕಾಟಪ್ಪ. "ನಮ್ಮಕ್ಕ ನನ್ ಮನೇಗೆ ಬರ್ದಿದ್ರೆ ನಾನು ಆ ಮನ್ಯಾಗೆ ಯಾಕಿರ್ಲಿ?"

ಕೇಸು ವಾಪಸ್ ತೆಗೀರಿ ಎಂದು ಕೇಳಿದ. ನಾನು ಅಲ್ಲಿಂದಲೇ ಮಾಲತಿಯವರಿಗೆ ಫೋನು ಮಾಡಿದೆ. ವಾದಿ ಪ್ರತಿವಾದಿಯನ್ನು ಕ್ಷಮಿಸಿಬಿಟ್ಟಿದ್ದಾನೆ ಮೇಡಂ ಎಂದೆ.

"ಕ್ಷಮಿಸೋಕೆ ಅವರ ಹತ್ರ ಏನು ಉಳಿದಿದೆ ಸರ್? ಸಿಟ್ಟನ್ನ ನಾವು ತಗೊಂಡಾಗಿದೆ."

ತಗೊಳ್ಳುವ ಮುಂಚೆಯೇ ಕ್ಷಮಿಸಿದ್ದಾನೆ ಎಂದೆ. ಅದು ಇನ್ನೂ ಕೆಟ್ಟದ್ದು ಎಂದರು ಅವರು. ಖಾಲಿ ಚೀಲವನ್ನು ತುಂಬಿದ ಚೀಲ ಎಂದು ಕಂಪನಿಗೆ ವಹಿಸಿಕೊಟ್ಟ ಹಾಗಾಯಿತು. ಪಾಲಿಸಿಯ ಷರತ್ತು ಮುರಿದದ್ದಕ್ಕೆ ಕಾಟಪ್ಪನಿಂದಲೇ ಕ್ಲೇಮು ವಾಪಸ್ ಕೇಳಬೇಕಾಗುತ್ತದೆ. ಕೋರ್ಟಿನಲ್ಲಿ ನಿಂತು ನಡೆದದ್ದು ಹೇಳಲಿ, ಇಲ್ಲವಾದರೆ ಕ್ಲೇಮಿನ ದುಡ್ಡಿನಲ್ಲಿ ಹೊಸದಾಗಿ ಕೂರಿಸಿರುವ ಗಾಣ ಮಾರಲಿ. ಕಾನೂನಿನ ಪ್ರಕಾರ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಯತ್ತಪ್ಪನ ಪರವಾಗಿ ಜ್ಯೋತಿಲಕ್ಷ್ಮಿ ಹಾಜರಾದಳು. ಹಿಂದೆ ನನ್ನ ಜೂನಿಯರ್ ಆಗಿದ್ದ ಹುಡುಗಿ, ಈಗ ಮೊಳಕಾಲ್ಮೂರಿನಲ್ಲಿ ಸ್ವಂತ ಬೋರ್ಡು ಹಾಕಿಕೊಂಡಿದ್ದಾಳೆ. ಎದುರು ಪಕ್ಷದ ವಕೀಲಳಿಗೆ ಹೇಳಿಕೊಡುವುದು ತಪ್ಪು. ಆದ್ದರಿಂದ ನಾನು ಅವಳಿಗೆ ಏನೂ ಹೇಳಿಕೊಡಲಿಲ್ಲ. ಕ್ಯಾಂಟೀನಿನಲ್ಲಿ ಗೋಡೆಯ ಕಡೆ ನೋಡಿಕೊಂಡು, ಕಂಪನಿಗೆ ಸಿಗುವುದು ಪಾಲಿಸಿದಾರನಿಗಿದ್ದ ಹಕ್ಕು ಮಾತ್ರ, ಪಾಲಿಸಿದಾರ ಮೊದಲೇ ಬಿಟ್ಟುಕೊಟ್ಟಿದ್ದರೆ ಕಂಪನಿಗೂ ಏನೂ ಇಲ್ಲ ಎಂದು ಒಂದು ಹಳೆಯ ತತ್ವವನ್ನು ನನಗೆ ನಾನೇ ಹೇಳಿಕೊಂಡೆ. ಯತ್ತಪ್ಪನಂತೂ ಬಚಾವಾಗಲಿ, ಕಾಟಪ್ಪನದು ಆಮೇಲೆ ನೋಡೋಣ ಎಂದು ನನ್ನ ಲೆಕ್ಕ.

"ಅದು ನನಗೂ ಗೊತ್ತು ಸರ್," ಎಂದಳು ಜ್ಯೋತಿಲಕ್ಷ್ಮಿ ಬೇಸರದಿಂದ. "ಕ್ಷಮಿಸಿದ್ದಾರೆ ಅಂತ ಕೋರ್ಟಿಗೆ ಹೇಳಬೇಕಾದ್ರೆ ಯಾವುದಕ್ಕೆ ಕ್ಷಮಿಸಿದ್ರು ಅಂತ ಹೇಳಬೇಕಲ್ಲ. ಅದನ್ನ ಎತ್ತೋ ಹಾಗಿಲ್ವಂತೆ. ನಮ್ಮ ಪಾರ್ಟಿ ನನ್ನ ಹತ್ರಾನೂ ಬಾಯಿ ಬಿಡ್ತಿಲ್ಲ."

ಹಟ್ಟಿಯ ಬೇರೆ ಸಾಕ್ಷಿಗಳನ್ನು ಕೇಳಿ ನೋಡಿದಳು. ಗುಡಿಯ ಮುಂದೆ ಏನು ನಡೆಯಿತು ಎಂದು ಕೇಳಿದರೆ ಎಲ್ಲರೂ ಹಾಲು ಕೊಟ್ಟರು ಎನ್ನುತ್ತಿದ್ದರು. ಯಾಕೆ ಎಂದು ಕೇಳಿದರೆ ಆಕಾಶ ನೋಡುತ್ತಿದ್ದರು. ಕೊನೆಗೆ ಅವಳ ಲಿಖಿತ ಹೇಳಿಕೆಯಲ್ಲಿ ಉಳಿದದ್ದು ಒಂದೇ ಸಾಲು: ದಾವೆಯಲ್ಲಿ ಹೇಳಿರುವ ಸಂಗತಿಗಳ ಬಗ್ಗೆ ಪ್ರತಿವಾದಿ ಏನನ್ನೂ ಹೇಳಬಯಸುವುದಿಲ್ಲ. ಇಷ್ಟು ಪೂರ್ತಿಯಾದ ಕ್ಷಮೆಯನ್ನು ನಾನು ಎಲ್ಲೂ ಕಂಡಿರಲಿಲ್ಲ. ಪೂರ್ತಿಯಾದದ್ದರಿಂದಲೇ ಅದು ಕೋರ್ಟಿನಲ್ಲಿ ಮೂರು ಕಾಸಿನ ಕೆಲಸಕ್ಕೆ ಬರುತ್ತಿರಲಿಲ್ಲ.

ಸಾಕ್ಷಿ ನುಡಿಯುವ ದಿನ ಬಂತು. ಚಳ್ಳಕೆರೆಯಿಂದ ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ನನಗೆ ನನ್ನ ಪ್ರಶ್ನೆಗಳ ಮೇಲೇ ಸಿಟ್ಟು. ಕೋರ್ಟಿನ ಅಂಗಳದ ಬೇವಿನ ಮರದ ಕೆಳಗೆ ಪಾಲಮ್ಮ ನಿಂತಿದ್ದಳು. ಗಂಡ ಮತ್ತು ತಮ್ಮ ಕೂತಿದ್ದ ಹೋಟೆಲಿಗೆ ಬೆನ್ನು ಮಾಡಿದ್ದಳು, ಆದರೆ ಕಿವಿಯೆಲ್ಲ ಆ ಕಡೆಗೇ ಇತ್ತು. ಜೋಗಪ್ಪನೂ ಬಂದಿದ್ದ, ಕಂಬಳಿ ಹೊದ್ದುಕೊಂಡು, ತನ್ನ ಆದೇಶ ಜಾರಿಯಾಗುವುದನ್ನು ನೋಡಲು.

ಕಾಟಪ್ಪ ಕಟಕಟೆ ಹತ್ತಿ ಪ್ರಮಾಣ ಮಾಡಿದ. ನ್ಯಾಯಾಧೀಶರು ಕರಾವಳಿ ಕಡೆಯವರು, ಹೊಸಬರು. ನಾನು ಹೆಸರು, ಊರು, ಗಾಣ, ಪಾಲಿಸಿ ಎಲ್ಲ ಕೇಳಿ ಮುಗಿಸಿದೆ. ಇನ್ನು ಸುತ್ತಿಬಳಸಲು ಜಾಗವಿರಲಿಲ್ಲ. ಬೆಂಕಿ ಹಚ್ಚಿದವರು ಯಾರು ಎಂದು ಕೇಳಿದೆ.

"ನಾನು," ಎಂದ ಕಾಟಪ್ಪ.

ನನ್ನ ವಾದಿ ನನ್ನ ದಾವೆಯನ್ನೇ ಮುಳುಗಿಸುತ್ತಿದ್ದ. ಅವನನ್ನು ಪ್ರತಿಕೂಲ ಸಾಕ್ಷಿಯೆಂದು ಘೋಷಿಸಿ ಪಾಟೀ ಸವಾಲು ಮಾಡಲು ಅನುಮತಿ ಕೇಳಬೇಕಾಯಿತು. ವಾದಿಯ ಹೆಸರಿನ ದಾವೆಯಲ್ಲಿ ವಾದಿಯ ವಕೀಲ ವಾದಿಯನ್ನೇ ಸುಳ್ಳುಗಾರ ಎನ್ನುವುದು. ನನ್ನ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಜ್ಯೋತಿಲಕ್ಷ್ಮಿಯೇ ಇರಬೇಕು.

ಕ್ಲೇಮು ಫಾರಂ ತೋರಿಸಿ, ಈ ಸಹಿ ನಿನ್ನದೇನು ಎಂದೆ. ನನ್ನದೇ ಎಂದ. ಇದರಲ್ಲಿರುವ ಹೇಳಿಕೆ? ಅದೂ ನನ್ನದೇ, ಹಾಲಿಗೆ ಮುಂಚೆ ಕೊಟ್ಟಿದ್ದು ಎಂದ. ಹಾಗಾದರೆ ಅವತ್ತು ಹೇಳಿದ್ದು ನಿಜವೋ, ಇವತ್ತು ಹೇಳುವುದು ನಿಜವೋ ಎಂದು ಗದರಿಸಿದೆ. ಗದರಿಸಿದ್ದು ನಾನಲ್ಲ, ಕಂಪನಿ. ಕಾಟಪ್ಪ ನನ್ನನ್ನು ಬಿಟ್ಟು ನ್ಯಾಯಾಧೀಶರ ಕಡೆ ತಿರುಗಿದ.

"ಹಾಲಿಗೆ ಮುಂಚಿಂದು ನೆನಪಿಲ್ಲ ಅಂದ್ರೆ ಸುಳ್ಳಾಗ್ತೈತೆ ಸ್ವಾಮಿ. ಐತೆ ಅಂತ ಹೇಳಿದ್ರೆ ತಪ್ಪಾಗ್ತೈತೆ. ಹಾಲು ಹುಯ್ದೋನು ನಾನು. ಹುಯ್ದ ಮ್ಯಾಲೆ ತಪ್ಪು ಕುಡಿದೋನ ಹತ್ರ ಇರಲ್ಲ, ಹುಯ್ದೋನಿಗೆ ಬರ್ತೈತೆ. ಅದು ನಮ್ಮ ಹಟ್ಟಿ ಪದ್ಧತಿ. ನಾನೇ ಹಚ್ಚಿದ್ದು ಅಂತ ಬರ್ಕಳ್ರಿ."

ನ್ಯಾಯಾಧೀಶರು ಕನ್ನಡಕ ತೆಗೆದರು. ಕ್ಷಮಿಸಿದವನೇ ತಪ್ಪಿತಸ್ಥನಾಗುತ್ತಾನೆಯೇ, ಇದೆಂಥ ಪದ್ಧತಿ ಎಂದು ಕೇಳಿದರು. ಕಾಟಪ್ಪ ಶಾಂತವಾಗಿ ಹೇಳಿದ.

"ವಕೀಲ್ರ ಪದ್ಧತಿನೂ ಇದೇ ಅಲ್ವಾ ಸ್ವಾಮಿ. ಕಂಪನಿ ನನ್ ಜಾಗದಾಗೆ ನಿಂತೈತೆ ಅಂತ ಅವ್ರೇ ಹೇಳ್ಯಾರೆ. ನಾನು ಅದಕ್ಕೂ ಮುಂಚೆ ಇನ್ನೊಬ್ರ ಜಾಗದಾಗೆ ನಿಂತಿದ್ದೆ. ಕಂಪನಿ ಬಂದು ಎಲ್ಲಿ ನಿಂತ್ಕಂಡೈತೆ ಅಂತ ನೀವೇ ನೋಡ್ರಿ."

ನಾನು ಅವತ್ತು ಆಫೀಸಿನಲ್ಲಿ ಕೇಳದೇ ಬಿಟ್ಟ ಮಾತು ಇದೇ. ಕಂಪನಿ ಕಾಟಪ್ಪನ ಜಾಗದಲ್ಲಿದೆ, ಕಾಟಪ್ಪ ಯತ್ತಪ್ಪನ ಜಾಗದಲ್ಲಿದ್ದಾನೆ. ಅಂದಮೇಲೆ ಕಂಪನಿ ಕಾಟಪ್ಪನ ಹೆಸರಿನಲ್ಲಿ ಕಾಟಪ್ಪನ ಮೇಲೇ ದಾವೆ ಹೂಡಿದೆ. ನ್ಯಾಯಾಧೀಶರು ನನ್ನನ್ನು ನೋಡಿ, ನಿಮಗೆ ಇನ್ನೇನಾದರೂ ಪ್ರಶ್ನೆ ಇದೆಯೇ ಎಂದರು. ಇಪ್ಪತ್ತು ವರ್ಷದಿಂದ ಕೋರ್ಟಿನಲ್ಲಿ ಕೂಗಾಡಿದ್ದೇನೆ. ಇಲ್ಲ ಎಂದು ಕೂತೆ.

ತೀರ್ಪು ಮುಂದಿನ ತಿಂಗಳು ಬಂತು. ಅದರಲ್ಲಿ ಹಾಲಿನ ಪ್ರಸ್ತಾಪವೇ ಇರಲಿಲ್ಲ. ಬೆಂಕಿ ಬಿದ್ದದ್ದನ್ನು ಕಣ್ಣಾರೆ ಕಂಡವರಿಲ್ಲ, ಇದ್ದ ಒಬ್ಬ ಸಾಕ್ಷಿ ತಾನೇ ಹಚ್ಚಿದ್ದೆಂದು ಪ್ರಮಾಣ ಮಾಡಿ ಹೇಳಿದ್ದಾನೆ, ಆದ್ದರಿಂದ ಪ್ರತಿವಾದಿಯ ಅಜಾಗರೂಕತೆ ಸಾಬೀತಾಗಿಲ್ಲ, ದಾವೆ ವಜಾ. ಬೆಂಚ್ ಗುಮಾಸ್ತ ಆಂಧ್ರದ ಗಡಿಯವನು. ಕಡತಕ್ಕೆ ದಾರ ಕಟ್ಟುತ್ತ ತನ್ನ ಪಾಡಿಗೆ ತಾನು "ಅಯಿಪೋಯೆ" ಎಂದ. ಹಿಂದಿನ ಬೆಂಚಿನಲ್ಲಿದ್ದ ಜೋಗಪ್ಪ ಮೇಲಿನ ಕೋರ್ಟು ತನ್ನ ಆದೇಶವನ್ನು ಎತ್ತಿಹಿಡಿದ ಹಾಗೆ ಗಂಭೀರವಾಗಿ ಎದ್ದು, ಕಂಬಳಿ ಕೊಡವಿ ಹೊರಗೆ ನಡೆದ.

ಅಂಗಳದಿಂದಲೇ ಮಾಲತಿಯವರಿಗೆ ಸುದ್ದಿ ತಿಳಿಸಿದೆ. ಹಾಗಾದರೆ ಕಾಟಪ್ಪನಿಂದ ವಸೂಲು ಮಾಡೋಣ ಎಂದರು. ಅದು ಆಗುವುದಿಲ್ಲ ಮೇಡಂ ಎಂದೆ, ಮತ್ತು ಹಾಗೆನ್ನುವಾಗ ನನಗಾದ ಖುಷಿಯನ್ನು ನಾನೇಕೆ ಮುಚ್ಚಿಡಲಿ. ಅವನು ಯಾರನ್ನೋ ಕ್ಷಮಿಸಿದ ಎಂದು ತೀರ್ಪಿನಲ್ಲಿ ಎಲ್ಲೂ ಇಲ್ಲ. ಕೋರ್ಟಿನ ದಾಖಲೆಯ ಪ್ರಕಾರ ಬೆಂಕಿ ಅವನ ಕೈತಪ್ಪಿನದು. ಪಾಲಿಸಿದಾರನ ಕೈತಪ್ಪಿಗೆ ಪಾಲಿಸಿಯಲ್ಲೇ ರಕ್ಷಣೆಯಿದೆ, ಸ್ವಂತ ಪಾಲಿಸಿದಾರನ ಮೇಲೆ ಕಂಪನಿ ಅವನದೇ ಜಾಗದಲ್ಲಿ ನಿಂತು ದಾವೆ ಹೂಡಲು ಬರುವುದಿಲ್ಲ. ಲಿಖಿತ ಅಭಿಪ್ರಾಯ ಕಳಿಸಿ ಎಂದರು. ಅದರ ಜೊತೆಗೆ, ಆ ಹಾಲಿಗೆ ಸಂಬಂಧಿಸಿದ ದಾಖಲೆಯ ಪ್ರತಿ ಏನಾದರೂ ಇದ್ದರೆ ಕಳಿಸಿ ಎಂದೂ ಸೇರಿಸಿದರು.

ಫೋನು ಇಟ್ಟು ತಿರುಗಿದರೆ ಕಾಟಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಗೆದ್ದವನ ಮುಖವಲ್ಲ, ಸೋತವನದೂ ಅಲ್ಲ. ಕಾನೂನಿನ ಪ್ರಕಾರ ಸೋತವನು ಅವನೇ ತಾನೇ. ಗೆದ್ದ ಯತ್ತಪ್ಪ ಆಚೆ ಬೈಕು ಒರೆಸುತ್ತಿದ್ದ.

"ವಕೀಲ್ರೇ, ಆ ಕಾಗದದಾಗೆ ನನ್ ಜಾಗ ಕಂಪನಿಗೆ ಕೊಟ್ಟಿದ್ನಲ್ಲ," ಎಂದ ಕಾಟಪ್ಪ ತಗ್ಗಿದ ದನಿಯಲ್ಲಿ. "ಅದು ಈಗ ನಂಗೆ ವಾಪಸ್ ಬಂತಾ?"

ಕಾಗದದಲ್ಲಿ ಶಾಶ್ವತವಾಗಿ ಎಂದಿದೆ. ಅದರ ಮೇಲಿರುವ ಸೀಲು ನನ್ನದೇ.

ಅವತ್ತೂ ಬಂದು ಬೇವಿನ ಮರದ ಕೆಳಗೆ ನಿಂತಿದ್ದ ಪಾಲಮ್ಮ ಅಷ್ಟರಲ್ಲಿ ಬಿಸಿಲು ದಾಟಿ ಬಂದಳು. ಮುಖದ ಮೇಲೆ ಸೆರಗಿರಲಿಲ್ಲ. ತಮ್ಮನ ಎದುರು ನಿಂತು, ಹೆಗಲ ಮೇಲಿದ್ದ ಧೂಳನ್ನು ಅಂಗೈಯಿಂದ ಹೊಡೆದು ಹೊಡೆದು ಉದುರಿಸಿದಳು. ಧೂಳು ಅಷ್ಟೇನೂ ಇರಲಿಲ್ಲ.

"ಏಳೋ ತಮ್ಮಾ, ಹೊತ್ತಾತು. ನಿನ್ ಹೆಣ್ತಿ ಮುದ್ದೆ ಮಾಡವ್ಳೋ, ಇಲ್ಲ ನಾನೇ ಬಂದು ಮಾಡ್ಬೇಕೋ?"

ಕಾಟಪ್ಪ ನನ್ನ ಉತ್ತರಕ್ಕೆ ಕಾಯಲಿಲ್ಲ.